ಕಳ್ಳರಿಲ್ಲದೆಯೂ ಕೂಗುವ ಸೈರನ್: ವೈರ್‌ಲೆಸ್ ಜಿಎಸ್‌ಎಂ ಅಲಾರಂ ಕಿಟ್ ಕೊಳ್ಳಬಹುದೇ?

ಮೊಬೈಲ್ ಸಿಮ್ ಹಾಕಿಕೊಂಡು (ಜಿಎಸ್‌ಎಂ ಎಂದರೆ ಇದೇ) ಎಸ್‌ಎಂಎಸ್ ಕಳಿಸುವ ಒಂದು ಪ್ಯಾನೆಲ್, ಎರಡು ರಿಮೋಟ್, ಬಾಗಿಲಿಗೊಂದು ಮ್ಯಾಗ್ನೆಟ್ ಸೆನ್ಸರ್, ಹಾಲ್‌ಗೊಂದು ಪಿಐಆರ್ (ಚಲನೆ ಗುರುತಿಸುವ) ಸೆನ್ಸರ್, ಒಂದು ಸೈರನ್. ಆನ್‌ಲೈನ್‌ನಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಹತ್ತಾರು ಹೆಸರಿನಲ್ಲಿ ಸಿಗುವ 433 ಮೆಗಾಹರ್ಟ್ಸ್ (ಸೆನ್ಸರ್‌ಗಳು ಪ್ಯಾನೆಲ್‌ಗೆ ಸಿಗ್ನಲ್ ಕಳಿಸುವ ರೇಡಿಯೊ ತರಂಗ) ಕಿಟ್‌ಗಳ ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಬಾಗಿಲು ತೆರೆದರೆ ಕೂಗುವ ಕೆಲಸವನ್ನು ಇವು ಚೆನ್ನಾಗಿಯೇ ಮಾಡುತ್ತವೆ. ಆದರೆ ಯಾರೂ ಬರದಿದ್ದಾಗಲೂ ನಡುರಾತ್ರಿ ಬಡಿದುಕೊಳ್ಳತೊಡಗಿದರೆ ಮನೆಯವರು ಅಲಾರಂ ಆರ್ಮ್ (ಕಾವಲಿಗೆ ಆನ್) ಮಾಡುವುದನ್ನೇ ಬಿಡುತ್ತಾರೆ, ಅಕ್ಕಪಕ್ಕದವರು ಎದ್ದು ನೋಡುವುದನ್ನೂ ಬಿಡುತ್ತಾರೆ. ಆಮೇಲೆ ಕಿಟ್ ಇದ್ದೂ ಇಲ್ಲದ ಹಾಗೆ.

ಕೊಳ್ಳುವಾಗ ನೋಡಬೇಕಾದ ಮೊದಲ ವಿಷಯ: ಯಾವ ಝೋನ್ (ಪ್ಯಾನೆಲ್‌ನಲ್ಲಿ ಒಂದೊಂದು ಸೆನ್ಸರ್‌ಗೆ ಇರುವ ಗುರುತು) ಕೂಗಿಸಿತು ಎಂದು ಪ್ಯಾನೆಲ್ ಪರದೆಯಲ್ಲೋ ಎಸ್‌ಎಂಎಸ್‌ನಲ್ಲೋ ತಿಳಿಸುತ್ತದೆಯೇ? ತಿಳಿಸದ ಪ್ಯಾನೆಲ್ ಎಷ್ಟೇ ಅಗ್ಗವಾದರೂ ಬೇಡ. ಝೋನ್ ಗೊತ್ತಿದ್ದರೆ ಅದೊಂದನ್ನು ಬೈಪಾಸ್ ಮಾಡಿ, ಅಂದರೆ ಅದೊಂದನ್ನು ಮಾತ್ರ ಆಫ್ ಮಾಡಿ, ಎರಡು ರಾತ್ರಿ ಬಿಟ್ಟು ನೋಡಿದರೆ ಸಾಕು, ದೋಷ ಎಲ್ಲಿದೆ ಎಂದು ತಿಳಿಯುತ್ತದೆ.

ಹೆಚ್ಚಿನ ಸಲ ಸಿಕ್ಕಿಬೀಳುವುದು ಪಿಐಆರ್. ಅದರೊಳಗೆ ದೇಹದ ಶಾಖವನ್ನು ಗುರುತಿಸುವ ಎರಡು ಪುಟ್ಟ ತುಣುಕುಗಳಿವೆ. ಮುಂದಿನ ಬಿಳಿ ಲೆನ್ಸ್ ಕೋಣೆಯನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡುತ್ತದೆ. ಮನುಷ್ಯ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಎರಡು ತುಣುಕುಗಳಿಗೆ ಬೀಳುವ ಶಾಖದಲ್ಲಿ ವ್ಯತ್ಯಾಸ ಬಂದು ಸಿಗ್ನಲ್ ಹೊರಡುತ್ತದೆ. ಹಲ್ಲಿಯ ಮೈ ತಣ್ಣಗಿದ್ದರೂ ಲೆನ್ಸ್ ಮೇಲೆಯೇ ಹರಿದರೆ ಹಲವು ಪಟ್ಟಿಗಳನ್ನು ಒಮ್ಮೆಲೇ ಮರೆಮಾಡುತ್ತದೆ, ಸೆನ್ಸರ್‌ಗೆ ಅದು ದೊಡ್ಡ ಚಲನೆಯೇ. ಹಾಗಾಗಿ ಟ್ಯೂಬ್‌ಲೈಟ್ ಪಕ್ಕ ಪಿಐಆರ್ ಹಾಕಬೇಡಿ. ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಹಲ್ಲಿ ಬರುತ್ತದೆ. ಹಿಂಬದಿಯ ಸ್ಕ್ರೂ ತೂತುಗಳನ್ನು ಸಿಲಿಕೋನ್‌ನಿಂದ ಮುಚ್ಚಿದರೆ ಇರುವೆ ಒಳಗೆ ಗೂಡು ಕಟ್ಟುವುದಿಲ್ಲ. ಜೇಡರ ಬಲೆಯನ್ನು ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಒರೆಸಿ.

ಎತ್ತರ ಸುಮಾರು 7 ಅಡಿ, ಜಾಗ ಕೋಣೆಯ ಮೂಲೆ. ಕಿಟಕಿ, ಎಸಿ, ಫ್ರಿಜ್‌ನ ಹಿಂಭಾಗ, ಬಿಸಿಯಾಗುವ ಇನ್ವರ್ಟರ್ ಯಾವುದೂ ಎದುರಿಗಿರಬಾರದು. ಫ್ಯಾನ್ ಗಾಳಿಗೆ ಹಾರಾಡುವ, ಬಿಸಿಲಿಗೆ ಕಾದ ಪರದೆಯೂ ಅಲಾರಂ ಕೊಡಿಸಬಲ್ಲದು. ಸೆನ್ಸರ್ ಒಳಗೆ ಪಲ್ಸ್ ಜಂಪರ್ (ಎಷ್ಟು ಪಟ್ಟಿ ದಾಟಿದ ಮೇಲೆ ಸಿಗ್ನಲ್ ಕೊಡಬೇಕೆಂದು ಹೊಂದಿಸುವ ಪುಟ್ಟ ಪಿನ್) ಇದ್ದರೆ 1ರಿಂದ 2ಕ್ಕೆ ಬದಲಿಸಿ. ಇಕ್ಕಟ್ಟಾದ ಪ್ಯಾಸೇಜ್‌ನಲ್ಲಿ 3 ಬೇಡ, ಕಳ್ಳ ಅಷ್ಟು ಪಟ್ಟಿ ದಾಟುವ ಮೊದಲೇ ಆಚೆ ಹೋಗಿರುತ್ತಾನೆ. ಪರೀಕ್ಷಿಸುವಾಗ ಟೆಸ್ಟ್ ಮೋಡ್‌ಗೆ ಹಾಕಿ, ಒಂದು ನಿಮಿಷ ಕಾದು, ಆಮೇಲೆ ನಡೆಯಿರಿ. ಸಾಮಾನ್ಯ ಮೋಡ್‌ನಲ್ಲಿ ಬ್ಯಾಟರಿ ಉಳಿಸಲು ಅದು ಒಮ್ಮೆ ಸಿಗ್ನಲ್ ಕೊಟ್ಟು ಕೆಲವು ನಿಮಿಷ ಸುಮ್ಮನಿರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಸೆನ್ಸರ್‌ಗಳು ಕೆಟ್ಟಿವೆ ಎಂದು ಅಂಗಡಿಗೆ ವಾಪಸಾಗುತ್ತವೆ. ಡಬ್ಬದ ಮೇಲಿನ ‘25 ಕೆಜಿವರೆಗಿನ ಸಾಕುಪ್ರಾಣಿ ಇದ್ದರೂ ತೊಂದರೆಯಿಲ್ಲ’ ಎಂಬ ಮಾತನ್ನು ಬೆಕ್ಕಿರುವ ಮನೆಯವರು ನಂಬಬೇಡಿ. ನೆಲದ ಮೇಲೆ ಓಡಾಡುವ ನಾಯಿಗಷ್ಟೇ ಅದು ಸರಿ, ಬೆಕ್ಕು ಸೋಫಾದ ಬೆನ್ನೇರಿತೆಂದರೆ ಸೈರನ್ ಕೂಗುತ್ತದೆ.

ಬಾಗಿಲಿನ ಸೆನ್ಸರ್‌ನ ಸಮಸ್ಯೆ ಮಳೆಗಾಲದ್ದು. ಮರದ ಕದ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಗಾಳಿಗೆ ಅಲ್ಲಾಡುತ್ತದೆ. ಕದ ಮುಚ್ಚಿದಾಗ ಮ್ಯಾಗ್ನೆಟ್‌ಗೂ ಸೆನ್ಸರ್‌ಗೂ ನಡುವೆ ಎಷ್ಟು ಅಂತರವಿದೆ ಎಂದು ಸ್ಕೇಲ್ ಇಟ್ಟು ಅಳೆಯಿರಿ. ಆಮೇಲೆ ಕದವನ್ನು ಮೆಲ್ಲಗೆ ಎಳೆದು ಎಲ್‌ಇಡಿ ಯಾವಾಗ ಹೊತ್ತಿತು ಎಂದು ನೋಡಿ. ಮುಚ್ಚಿದಾಗ 10 ಮಿ.ಮೀ. ಇದ್ದು 13ಕ್ಕೇ ಹೊತ್ತಿಕೊಂಡರೆ ಒಂದು ಜೋರು ಗಾಳಿ ಸಾಕು. ಅಂತರವನ್ನು 5ಕ್ಕಿಳಿಸಿ. ಕಬ್ಬಿಣದ ಬಾಗಿಲಾದರೆ ಎರಡರ ಕೆಳಗೂ ಮರದ ಚೂರು ಕೊಡಿ, ಇಲ್ಲದಿದ್ದರೆ ಕಬ್ಬಿಣವೇ ಮ್ಯಾಗ್ನೆಟ್‌ನ ಶಕ್ತಿ ಎಳೆದುಕೊಳ್ಳುತ್ತದೆ. ಡಬಲ್ ಟೇಪ್ ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಸ್ಕ್ರೂ ಹಾಕಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ತಾಪತ್ರಯ. ಹಳೆಯ ಮಾದರಿಯ ಸೆನ್ಸರ್‌ಗಳಲ್ಲಿ, ಸಿಗ್ನಲ್ ತನ್ನ ಸೆನ್ಸರ್‌ನದೇ ಎಂದು ಪ್ಯಾನೆಲ್ ಗುರುತಿಸುವ ಕೋಡ್ ಇರುವುದು 8 ಜಂಪರ್‌ಗಳಲ್ಲಿ. ಒಂದೊಂದಕ್ಕೆ ಮೂರು ಸ್ಥಾನ, ಒಟ್ಟು 6561 ಕೋಡ್. ಇಬ್ಬರೂ ಫ್ಯಾಕ್ಟರಿಯಿಂದ ಬಂದ ಹಾಗೆಯೇ ಬಿಟ್ಟಿದ್ದರೆ ಎದುರುಮನೆಯ ಬಾಗಿಲಿಗೆ ನಿಮ್ಮ ಸೈರನ್ ಕೂಗುತ್ತದೆ. ಮುಚ್ಚಿದ ಬಾಗಿಲಿನ ಝೋನ್ ದಿನವೂ ಒಂದೇ ಹೊತ್ತಿಗೆ ಕೂಗುತ್ತಿದ್ದರೆ ಅನುಮಾನ ಇದರ ಮೇಲಿರಲಿ. ಜಂಪರ್ ಬದಲಿಸಿ, ಪ್ಯಾನೆಲ್‌ನಲ್ಲಿ ಹಳೆಯ ಕೋಡ್ ಅಳಿಸಿ, ಮತ್ತೆ ಕಲಿಸಿ.

ಕರೆಂಟ್ ಹೋದಾಗ ಅಥವಾ ಬಂದಾಗ ಮಾತ್ರ ಕೂಗಿದರೆ ಪ್ಯಾನೆಲ್ ಬ್ಯಾಟರಿ ನೋಡಿ: ಅಡಾಪ್ಟರ್ ತೆಗೆದು ಒಂದು ಗಂಟೆ ಬಿಟ್ಟು ಸೈರನ್ ಹೊಡೆಸಿ, ಪ್ಯಾನೆಲ್ ಆಫ್ ಆದರೆ ಬ್ಯಾಟರಿ ಬದಲಿಸಿ. 2ಜಿ ಮಾತ್ರ ಇರುವ ಪ್ಯಾನೆಲ್‌ನಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ.

ಆರ್‌ಸಿಸಿ ಮನೆಗೆ, ಝೋನ್ ತೋರಿಸುವ ಪ್ಯಾನೆಲ್ ಸಿಕ್ಕರೆ, ಧಾರಾಳವಾಗಿ ಕೊಳ್ಳಬಹುದು. ಇಲಿ, ಬಾವಲಿ ನುಸುಳುವ ಹಂಚಿನ ಮನೆಯಾದರೆ ಪಿಐಆರ್ ಅನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಹಿತ್ತಿಲ ಬಾಗಿಲಿಗೂ ಕಿಟಕಿಗಳಿಗೂ ಮ್ಯಾಗ್ನೆಟ್ ಸೆನ್ಸರ್‌ಗಳನ್ನೇ ಹೆಚ್ಚಿಗೆ ತನ್ನಿ.