ಅಮ್ಮನ ಲಿವಿಂಗ್ ವಿಲ್ ಬರೆಸಿದೆವು: ಆ ಕೇಂದ್ರದ ಬಗ್ಗೆ ನನ್ನ ಅನುಭವ

ಅಪ್ಪ ಕೊನೆಗೆ 19 ದಿನ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. ಇನ್ನು ಚೇತರಿಸಿಕೊಳ್ಳುವುದಿಲ್ಲ ಎಂದು ಡಾಕ್ಟರು ಐದನೇ ದಿನವೇ ಹೇಳಿದ್ದರು. ಸಾಕು ತೆಗೆಯಿರಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅಣ್ಣನಿಗೂ ನನಗೂ ಆಸ್ಪತ್ರೆಯಲ್ಲೇ ಜಗಳವಾಯಿತು. ಅಪ್ಪನ ಮನಸ್ಸಿನಲ್ಲಿ ಏನಿತ್ತು ಅಂತ ನಾವು ಒಮ್ಮೆಯೂ ಕೇಳಿರಲಿಲ್ಲ.

ಅದನ್ನೆಲ್ಲ ನೋಡಿದ ಅಮ್ಮ ಈ ವರ್ಷ ತಾನೇ ಹೇಳಿದಳು, ನನ್ನದು ಈಗಲೇ ಬರೆದಿಡಿ ಅಂತ. ಚೇತರಿಸಿಕೊಳ್ಳುವ ಆಸೆ ಇಲ್ಲದಾಗ ಮೆಷಿನ್ ಹಾಕಿ ಜೀವ ಎಳೆಯಬೇಕೇ ಬೇಡವೇ ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡುವ ಕಾಗದವೇ ಲಿವಿಂಗ್ ವಿಲ್. ಪರಿಚಯದವರು ಒಂದು ಚಿಕ್ಕ ಪ್ಯಾಲಿಯೇಟಿವ್ ಕೇಂದ್ರ (ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಜಾಗ) ತೋರಿಸಿದರು. ಒಬ್ಬರು ಡಾಕ್ಟರ್, ಒಬ್ಬರು ವಕೀಲರು, ಇಬ್ಬರು ನರ್ಸ್. ಅವರ ಸೇವೆಗೆ ದುಡ್ಡಿಲ್ಲ, ನೋಟರಿ ಖರ್ಚು ಮಾತ್ರ ನಮ್ಮದು.

ಫಾರಂ ತುಂಬಿಸಿ ಕಳಿಸುತ್ತಾರೆ ಅಂದುಕೊಂಡು ಹೋಗಿದ್ದೆ. ಡಾಕ್ಟರು ಫಾರಂ ಮುಟ್ಟಲೇ ಇಲ್ಲ. ಮನೆಯಲ್ಲಿ ಇದಕ್ಕೆ ಯಾರು ಒಪ್ಪಿಲ್ಲವೋ ಅವರನ್ನು ಮುಂದಿನ ಶನಿವಾರ ಕರೆದುಕೊಂಡು ಬನ್ನಿ ಎಂದರು. ಒಪ್ಪದವರು ಅಂದರೆ ನಮ್ಮ ಸೋದರಮಾವ. ಆಯಸ್ಸು ಕೊಟ್ಟವನು ದೇವರು, ಅದನ್ನು ಮೊಟಕು ಮಾಡುವುದು ಪಾಪ, ಆತ್ಮಹತ್ಯೆಗೆ ಸಮ ಎಂದು ಅಲ್ಲಿಯೂ ಜೋರಾಗಿಯೇ ಹೇಳಿದರು. ಡಾಕ್ಟರು ವಾದ ಮಾಡಲಿಲ್ಲ. ಅಮ್ಮನ ಕಡೆ ತಿರುಗಿ, ನಿಮಗೆ ಯಾವುದರ ಭಯ ಎಂದು ಕೇಳಿದರು. ಅಮ್ಮ ಹೇಳಿದಳು: "ಅವರ ಬಾಯಲ್ಲಿ ಪೈಪ್ ಇತ್ತು. ಒಂದು ಹನಿ ಗಂಗಾಜಲ ಬಿಡಲಿಕ್ಕೆ ಆಗಲಿಲ್ಲ."

ಮಾವ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅವರು ಪೂರ್ತಿ ಒಪ್ಪಿದರು ಅಂತ ನಾನು ಹೇಳುವುದಿಲ್ಲ, ಇವತ್ತಿಗೂ ಅವರಿಗೆ ಅಳುಕಿದೆ. ಆದರೆ ಪಾಪ ಪುಣ್ಯದ ಮಾತು ಮೆಷಿನ್ ತೆಗೆಯುವುದಕ್ಕೆ ಮಾತ್ರ ಸೇರಿದ್ದಲ್ಲ, ಹಾಕಿಯೇ ಇಡುವುದಕ್ಕೂ ಸೇರಿದ್ದು, ಅಲ್ವಾ? ಅದನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿದ್ದು ಏಳನೇ ಕ್ಲಾಸು ಓದಿದ ಅಮ್ಮ.

ವಕೀಲರು ಕಾನೂನನ್ನು ಚೆನ್ನಾಗಿ ಬಿಡಿಸಿ ಹೇಳಿದರು. ನಮ್ಮ ಹಳದೀಪುರದ ಅರುಣಾ ಶಾನಭಾಗರಿಂದಲೇ ಶುರು ಮಾಡಿದರು. 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಹಲ್ಲೆಗೆ ಒಳಗಾದ ಆ ನರ್ಸ್ 2015ರವರೆಗೆ ಹಾಸಿಗೆಯಲ್ಲೇ ಇದ್ದರು. ಆಹಾರ ಕೊಡುವುದನ್ನು ನಿಲ್ಲಿಸಿ ಅವರನ್ನು ನೆಮ್ಮದಿಯಾಗಿ ಸಾಯಲು ಬಿಡಿ ಎಂದು ಅವರ ಪರವಾಗಿ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ಅವರನ್ನು ಮಗುವಿನಂತೆ ನೋಡಿಕೊಂಡ ಅಲ್ಲಿನ ನರ್ಸುಗಳೇ ಬೇಡ ಎಂದಿದ್ದರು, ಆ ಪ್ರೀತಿಯನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಚೇತರಿಸಿಕೊಳ್ಳದವರಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಕೆಲವು ಷರತ್ತಿನ ಮೇಲೆ ನಿಲ್ಲಿಸಬಹುದು ಎಂದು ಹೇಳಿ ಅದೇ ತೀರ್ಪು ಮುಂದಿನ ದಾರಿ ತೆರೆಯಿತು. 2018ರಲ್ಲಿ ಲಿವಿಂಗ್ ವಿಲ್‌ಗೆ ಮಾನ್ಯತೆ ಬಂತು. ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, 2023ರಿಂದ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು.

ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ, ಅದು ಇವತ್ತಿಗೂ ಅಪರಾಧ. ಕಾಗದ ಇದೆ ಅಂತ ಸುಮ್ನೆ ಮೆಷಿನ್ ತೆಗೆಯುವುದೂ ಇಲ್ಲ. ಮೂವರು ಡಾಕ್ಟರುಗಳ ಒಂದು ಮಂಡಳಿ ನೋಡಬೇಕು, ಮೇಲೆ ಇನ್ನೊಂದು ಮಂಡಳಿ ಒಪ್ಪಬೇಕು. ಮನಸ್ಸು ಬದಲಾದರೆ ವಿಲ್ ಯಾವಾಗ ಬೇಕಾದರೂ ರದ್ದು ಮಾಡಬಹುದು. ನೋವಿನ ಔಷಧಿ ಮಾತ್ರ ಕೊನೆಯವರೆಗೂ ಕೊಡಬೇಕು ಎಂದು ಅಮ್ಮ ಬರೆಸಿದಳು. ಅವಳಿಗೆ ಬುದ್ಧಿ ಸ್ಥಿಮಿತ ತಪ್ಪಿದರೆ ಮಾತಾಡಬೇಕಾದವರು ಅಂತ ಅಣ್ಣ ಮತ್ತು ನನ್ನ ಹೆಸರು ಹಾಕಿದ್ದಾಳೆ, ಇಬ್ಬರೂ ಸೇರಿಯೇ ಹೇಳಬೇಕಂತೆ.

ಕೊರತೆ ಇಲ್ಲವೇ ಅಂದರೆ, ಇದೆ. ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಕೊಡಬೇಕು. ನಾವು ಹೋದ ಕಚೇರಿಯಲ್ಲಿ ಅದನ್ನು ಯಾರು ತೆಗೆದುಕೊಳ್ಳಬೇಕೆಂದೇ ಗೊತ್ತಿರಲಿಲ್ಲ, ಮೂರು ಸಲ ಅಲೆದೆವು. ಇದನ್ನು ಕೇಂದ್ರದವರು ಮೊದಲೇ ಹೇಳಬೇಕಿತ್ತು. ಕಾಯುವ ಜಾಗವೂ ಇಕ್ಕಟ್ಟು, ವಯಸ್ಸಾದವರಿಗೆ ಮೆಟ್ಟಿಲು ಕಷ್ಟ. 5ಕ್ಕೆ 4 ಕೊಡುತ್ತೇನೆ.

ಶನಿವಾರ ಮಾತ್ರ ನೋಡುತ್ತಾರೆ, ಮೊದಲೇ ಫೋನ್ ಮಾಡಿ. ಮನೆಯಲ್ಲಿ ಇದಕ್ಕೆ ಜಾಸ್ತಿ ಬೈಯುವವರು ಯಾರೋ ಅವರನ್ನು ಬಿಟ್ಟು ಹೋಗಬೇಡಿ.