ಎಂಜಿನ್ ನಿಂತಿತ್ತು, ಉರಿ ಆರಿರಲಿಲ್ಲ

ಮನೆಯಲ್ಲಿ ಸಣ್ಣ ಲೇತ್ (ಲೋಹ ಕಡೆಯುವ ಯಂತ್ರ) ಇಟ್ಟುಕೊಂಡು ಮಾದರಿ ಎಂಜಿನ್ ಮಾಡುವವರು, ಅದರಲ್ಲೂ ಉರಿ ನುಂಗುವ ಎಂಜಿನ್ ಮಾಡಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಬಲಗೈ ಸುಟ್ಟು ಈಗ ನಾಲ್ಕು ತಿಂಗಳು. ತಪ್ಪು ನನ್ನದೇ. ಆದರೆ ಅಂಥ ತಪ್ಪು ಎಷ್ಟು ಸುಲಭವಾಗಿ ಆಗಿಬಿಡುತ್ತದೆ ಅನ್ನುವುದು ನಿಮಗೂ ಗೊತ್ತಿರಲಿ.

ಈ ಎಂಜಿನ್ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದಕ್ಕೆ ಬಾಯ್ಲರ್ ಬೇಡ, ಪೆಟ್ರೋಲ್ ಬೇಡ. ಸಿಲಿಂಡರಿನ ತುದಿಯಲ್ಲಿ ಒಂದು ತೂತು, ಅದರ ಎದುರಿಗೆ ಉರಿಯುವ ಸ್ಪಿರಿಟ್ ದೀಪ. ಪಿಸ್ಟನ್ ಹಿಂದಕ್ಕೆ ಸರಿದಾಗ ಉರಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ತಕ್ಷಣ ವಾಲ್ವ್ ಮುಚ್ಚುತ್ತದೆ. ಒಳಗಿನ ಬಿಸಿ ಗಾಳಿ ಸಿಲಿಂಡರಿನ ಗೋಡೆಗೆ ತಾಗಿ ತಣ್ಣಗಾಗಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡವೇ ಪಿಸ್ಟನ್ನನ್ನು ಒಳಕ್ಕೆ ತಳ್ಳುತ್ತದೆ. 1712ರಲ್ಲಿ ಇಂಗ್ಲೆಂಡಿನಲ್ಲಿ ನ್ಯೂಕಾಮನ್ ಗಣಿಯ ನೀರೆತ್ತಲು ಕಟ್ಟಿದ ಎಂಜಿನ್ ಕೂಡ ಗಾಳಿಯ ಒತ್ತಡದಿಂದಲೇ ನಡೆಯುತ್ತಿತ್ತು. ಅಲ್ಲಿ ಹಬೆ ತಣ್ಣಗಾಗುತ್ತಿತ್ತು, ಇಲ್ಲಿ ಉರಿ ತಣ್ಣಗಾಗುತ್ತದೆ.

ಗಾಳಿಯ ಒತ್ತಡ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಅದರಲ್ಲಿ ಸ್ವಲ್ಪ ಭಾಗ ಮಾತ್ರ ಎಂಜಿನ್ನಿಗೆ ದಕ್ಕುವುದು. ಅಷ್ಟು ಕಡಿಮೆ ಶಕ್ತಿ ಇರುವುದರಿಂದ ಎಲ್ಲಾದರೂ ಕೂದಲೆಳೆಯಷ್ಟು ಬಿಗಿಯಾದರೂ ನಿಂತುಬಿಡುತ್ತದೆ. ಸಿಲಿಂಡರ್ ಜಾಸ್ತಿ ಕಾದರೆ ನಿಲ್ಲುತ್ತದೆ, ಏಕೆಂದರೆ ಒಳಗಿನ ಗಾಳಿ ತಣ್ಣಗಾಗುವುದೇ ಇಲ್ಲ. ಸಿಲಿಂಡರ್ ತೀರಾ ತಣ್ಣಗಿದ್ದರೂ ತೊಂದರೆ. ಸ್ಪಿರಿಟ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಅದು ಒಳಗೇ ಹನಿಗಟ್ಟಿ ಪಿಸ್ಟನ್ನನ್ನು ಹಿಡಿಯುತ್ತದೆ. ಒರೆಸದೆ ಬಿಟ್ಟರೆ ಮಾರನೆಯ ದಿನಕ್ಕೆ ತುಕ್ಕು. ದೀಪ ಒಂದೆರಡು ಮಿಲಿಮೀಟರ್ ಅತ್ತಿತ್ತ ಸರಿದರೂ ಸಾಕು, ಎಂಜಿನ್ ನಿಲ್ಲುತ್ತದೆ. ನಿಲ್ಲುವುದಕ್ಕೆ ಇಷ್ಟೊಂದು ಕಾರಣಗಳಿವೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ನನ್ನ ಕೈ ಸುಟ್ಟಿದ್ದು ಇದನ್ನು ಮರೆತಿದ್ದಕ್ಕೆ.

ತುಮಕೂರಿನ ನಮ್ಮ ಮನೆ ಹಿಂದಿನ ಶೀಟಿನ ಕೋಣೆಯಲ್ಲಿ ಮೂರು ತಿಂಗಳು ಸಂಜೆ ಕೂತು ಎಂಜಿನ್ ಮಾಡಿದೆ. ಬೀಡುಕಬ್ಬಿಣದ ಸಿಲಿಂಡರ್, ಗ್ರಾಫೈಟ್ ಪಿಸ್ಟನ್, ಹಿತ್ತಾಳೆಯ ಫ್ಲೈವೀಲ್, ಅಂದರೆ ಭಾರದ ಚಕ್ರ. ಎಣ್ಣೆ ಹಾಕದೆಯೇ ಪಿಸ್ಟನ್ ತನ್ನ ಭಾರಕ್ಕೆ ಜಾರಬೇಕು, ಆದರೆ ಗಾಳಿ ಸೋರಬಾರದು. ಅದಕ್ಕಾಗಿ ಎರಡು ಪಿಸ್ಟನ್ ಹಾಳು ಮಾಡಿ ಮೂರನೆಯದನ್ನು ಕೂರಿಸಿದೆ. ಬರ್ನರ್, ಅಂದರೆ ಆ ಸ್ಪಿರಿಟ್ ದೀಪದ ವಿಷಯದಲ್ಲಿ ಮಾತ್ರ ಈ ತಾಳ್ಮೆ ತೋರಿಸಲಿಲ್ಲ. ಹಳೆಯ ತಗಡಿನ ಡಬ್ಬಿಗೆ ತೂತು ಹೊಡೆದು, ತವರದ ಬೆಸುಗೆಯಲ್ಲಿ ಒಂದು ಕೊಳವೆ ಕೂರಿಸಿ, ಹತ್ತಿಯ ಬತ್ತಿ ತುರುಕಿದೆ. ಡಬ್ಬಿಯಲ್ಲಿ 150 ಮಿಲಿಲೀಟರ್ ಹಿಡಿಯುತ್ತಿತ್ತು. ಇಷ್ಟು ಸಣ್ಣ ಎಂಜಿನ್ನಿಗೆ 20 ಮಿಲಿಲೀಟರ್ ಸಾಕು.

ಸ್ಪಿರಿಟ್ ತಂದಿದ್ದು ಹಾರ್ಡ್‌ವೇರ್ ಅಂಗಡಿಯಿಂದ. ಮರಕ್ಕೆ ಪಾಲಿಶ್ ಹಾಕುವವರು ಕೊಳ್ಳುತ್ತಾರಲ್ಲ, ಅದೇ. ಬಿಡಿಯಾಗಿ ಅಳೆದು, ಖಾಲಿ ನೀರಿನ ಬಾಟಲಿಗೆ ಸುರಿದುಕೊಟ್ಟರು. ನಾನೂ ಸುಮ್ನೆ ತಂದೆ. ಇದಕ್ಕೆ ವಿಷವಾದ ಮೆಥನಾಲ್ ಬೆರೆಸಿರುತ್ತಾರೆ. 1981ರಲ್ಲಿ ಬೆಂಗಳೂರಿನ ಕಳ್ಳಬಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದಿದ್ದು ಈ ಮೆಥನಾಲ್. ಅದು ನಮ್ಮ ಮನೆಯಲ್ಲಿ ಚೀಟಿ ಇಲ್ಲದ ನೀರಿನ ಬಾಟಲಿಯಲ್ಲಿ, ಕೈಗೆಟುಕುವ ಕಪಾಟಿನಲ್ಲಿ ಎರಡು ವಾರ ಇತ್ತು. ಇದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅವತ್ತು ಭಾನುವಾರ. ಅಕ್ಕನ ಮಗ ಬಂದಿದ್ದ, ಪಿಯುಸಿ ಓದುವ ಹುಡುಗ. "ಮಾಮ, ಬಾಗಿಲು ಮುಚ್ಚಿದ್ರೆ ಉರಿ ಚೆನ್ನಾಗಿ ಕಾಣುತ್ತೆ, ವಿಡಿಯೋ ತೆಗೀತೀನಿ" ಅಂದ. ಬಾಗಿಲು ಹಾಕಿ ದೀಪ ಹಚ್ಚಿ ಫ್ಲೈವೀಲ್ ತಿರುಗಿಸಿದೆ. ನಾಲ್ಕನೇ ಸಲಕ್ಕೆ ಹಿಡಿಯಿತು. ಕತ್ತಲಲ್ಲಿ ನೀಲಿ ಉರಿ ತೂತಿನೊಳಗೆ ಹೋಗಿ ಬರುವುದು, ಜೊತೆಗೆ ಚಪ್ ಚಪ್ ಅನ್ನುವ ಸದ್ದು. ಮೂರು ತಿಂಗಳ ಕೆಲಸಕ್ಕೆ ಜೀವ ಬಂದಿತ್ತು. ನಾಲ್ಕೈದು ನಿಮಿಷ ಓಡಿ ನಿಂತಿತು.

ಏನಾಯಿತು ನೋಡೋಣ ಅಂತ ಬಾಗಿಲು ತೆರೆದೆವು. ಮಧ್ಯಾಹ್ನದ ಬಿಸಿಲು ನೇರ ಮೇಜಿನ ಮೇಲೆ ಬಿತ್ತು. ಬತ್ತಿಯ ಮೇಲೆ ಉರಿ ಕಾಣಲಿಲ್ಲ. ಸ್ಪಿರಿಟ್ ಮುಗಿದು ದೀಪ ಆರಿದೆ, ಅದಕ್ಕೇ ಎಂಜಿನ್ ನಿಂತಿದೆ ಅಂದುಕೊಂಡೆ. ಸರಿಯಾದ ಲೆಕ್ಕ ಅಂತಲೇ ಅನ್ನಿಸಿತು. ನಿಜ ಏನೆಂದರೆ ಸಿಲಿಂಡರ್ ಕಾದು ಎಂಜಿನ್ ನಿಂತಿತ್ತು, ದೀಪ ಉರಿಯುತ್ತಲೇ ಇತ್ತು. ಸ್ಪಿರಿಟ್ಟಿನ ಉರಿಗೆ ಹಳದಿ ಬಣ್ಣವೂ ಇಲ್ಲ, ಹೊಗೆಯೂ ಇಲ್ಲ. ಬಿಸಿಲಿಗೆ ಬಂದರೆ ಕಣ್ಣಿಗೆ ಕಾಣುವುದೇ ಕಷ್ಟ.

ಬಾಟಲಿ ಎತ್ತಿ ಸುರಿದೆ.

ಭುಸ್ ಅಂತ ಒಂದು ಸದ್ದು. ಬಾಟಲಿಯ ಬಾಯಿಂದ ಬೆಂಕಿ ಮುಂದಕ್ಕೆ ಚಿಮ್ಮಿತು. ಕೈ ಜಾರಿ ಬಾಟಲಿ ಮೇಜಿನ ಮೇಲೆ ಬಿತ್ತು. ನನ್ನ ಮುಂಗೈ ಉರಿಯುತ್ತಿರುವುದು ಮೊದಲು ಕಾಣಲಿಲ್ಲ, ನೋವೇ ಮೊದಲು ಗೊತ್ತಾಯಿತು. ಬಾಟಲಿಯ ಬಾಯಿ ಗೋಡೆ ಕಡೆಗಿತ್ತು. ಹುಡುಗ ಫೋನ್ ಹಿಡಿದು ನಿಂತಿದ್ದು ನನ್ನ ಎಡಕ್ಕೆ. ಹತ್ತು ನಿಮಿಷದ ಹಿಂದೆ ವಿಡಿಯೋಗಾಗಿ ಅವನು ನಿಂತಿದ್ದು ಗೋಡೆ ಪಕ್ಕದಲ್ಲೇ.

ಹೀಗೆ ಚಿಮ್ಮುವುದು ಅಪರೂಪ ಅಂದುಕೊಳ್ಳಬೇಡಿ. ಅರ್ಧ ಖಾಲಿಯಾದ ಬಾಟಲಿಯೊಳಗೆ ಆವಿ ಮತ್ತು ಗಾಳಿ ಬೆರೆತು ತುಂಬಿರುತ್ತದೆ. ಅದಕ್ಕೆ ಬೆಂಕಿ ತಾಗಿದರೆ ಬಾಟಲಿ ಕೊಳವಿಯ ಹಾಗೆ ಉಗುಳುತ್ತದೆ. 2014ರಲ್ಲಿ ಅಮೆರಿಕದ ಡೆನ್ವರ್‌ನ ಒಂದು ಶಾಲೆಯಲ್ಲಿ ಪ್ರಯೋಗ ತೋರಿಸುವಾಗ ದೊಡ್ಡ ಬಾಟಲಿಯಿಂದ ಮೆಥನಾಲ್ ಸುರಿಯಲು ಹೋಗಿ ಹೀಗೇ ಆಯಿತು. ಬೆಂಕಿ ಮಾರುಗಟ್ಟಲೆ ದೂರ ಹಾರಿ ಒಬ್ಬ ವಿದ್ಯಾರ್ಥಿಯ ಎದೆಗೆ ಬಡಿಯಿತು. ಸ್ಪಿರಿಟ್ಟಿನ ಮುಖ್ಯ ಅಂಶವಾದ ಎಥನಾಲ್, ಶುದ್ಧವಾಗಿದ್ದರೆ, 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಶೀಟಿನ ಕೋಣೆಯ ಮಧ್ಯಾಹ್ನಕ್ಕೆ ಇನ್ನೇನು ಹೇಳುವುದು?

ಬೆಂಕಿ ಆರಿಸಿದ್ದು ಹುಡುಗ. ಹೊರಗಿನ ತೊಟ್ಟಿಯಲ್ಲಿ ಗೋಣಿಚೀಲ ಅದ್ದಿ ತಂದು ಮೇಜಿನ ಮೇಲೆ ಹಾಸಿಬಿಟ್ಟ. ಸ್ಪಿರಿಟ್ ನೀರಿನಲ್ಲಿ ಬೆರೆಯುತ್ತದೆ, ಹಾಗಾಗಿ ಒದ್ದೆ ಗೋಣಿ ಒಳ್ಳೆಯ ಕೆಲಸ ಮಾಡಿತು. ಬಕೆಟ್ಟಿನಿಂದ ರಭಸವಾಗಿ ಎರಚಿದ್ದರೆ ಉರಿಯುವ ಸ್ಪಿರಿಟ್ ನೆಲಕ್ಕೆಲ್ಲ ಹರಡುತ್ತಿತ್ತು.

ನಾನು ಕೈಯನ್ನು ನಲ್ಲಿ ಕೆಳಗೆ ಹಿಡಿದೆ. ಅಮ್ಮ ಗಾಬರಿಯಲ್ಲಿ ಟೂತ್‌ಪೇಸ್ಟ್ ತಂದರು. "ಬೇಡಮ್ಮ, ನೀರೇ ಸಾಕು" ಅಂದೆ. 20 ನಿಮಿಷ ನೀರು ಬಿಟ್ಟೆ. ಉಂಗುರವನ್ನು ಆಗಲೇ ತೆಗೆದಿದ್ದಕ್ಕೆ ಆಸ್ಪತ್ರೆಯಲ್ಲಿ ಡಾಕ್ಟರ್ ಒಳ್ಳೆಯದಾಯಿತು ಅಂದರು, ಬೆರಳು ಊದಿದ ಮೇಲೆ ಅದನ್ನು ಕತ್ತರಿಸಬೇಕಾಗುತ್ತಿತ್ತಂತೆ. ಹತ್ತಿ ಅಂಗಿ ಹಾಕಿದ್ದೆ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತಿತ್ತು. ಗುಳ್ಳೆಗಳು ಒಣಗಿ ಹೊಸ ಚರ್ಮ ಬರಲು ಐದು ವಾರ ಹಿಡಿಯಿತು.

ಹೊಸ ಬರ್ನರನ್ನು ಹಿತ್ತಾಳೆಯಲ್ಲಿ ಮಾಡಿದ್ದೇನೆ. ಬೆಳ್ಳಿ ಬೆಸುಗೆ, 15 ಮಿಲಿಲೀಟರಿನ ತೊಟ್ಟಿ, ಒಳಗೆ ಬಿಗಿಯಾಗಿ ಹತ್ತಿ. ತವರದ ಬೆಸುಗೆ ಸುಮಾರು 190 ಡಿಗ್ರಿಗೇ ಕರಗುತ್ತದೆ, ಬರ್ನರಿಗೆ ಅದನ್ನು ಬಳಸಲೇಬೇಡಿ. ಸರಪಳಿ ಹಾಕಿದ ಒಂದು ಮುಚ್ಚಳವನ್ನೂ ಲೇತ್‌ನಲ್ಲಿ ಮಾಡಿದ್ದೇನೆ. ಎಂಜಿನ್ ಯಾವ ಕಾರಣಕ್ಕೆ ನಿಂತರೂ, ಉರಿ ಕಂಡರೂ ಕಾಣದಿದ್ದರೂ ಮೊದಲು ಆ ಮುಚ್ಚಳ ಹಾಕುತ್ತೇನೆ. ಬರ್ನರ್ ಬರಿಗೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಕಾಯುತ್ತೇನೆ. ಆಮೇಲೆ ಅದನ್ನು ಎಂಜಿನ್ನಿಂದ ಬಿಚ್ಚಿ ಹೊರಗೆ ಕಟ್ಟೆಗೆ ಒಯ್ದು, ಸಿರಿಂಜಿನಲ್ಲಿ ತುಂಬುತ್ತೇನೆ. ಸ್ಪಿರಿಟ್ ಕ್ಯಾನು ಈ ಕೋಣೆಯೊಳಗೆ ಬರುವುದೇ ಇಲ್ಲ. ಬತ್ತಿಗೆ ಚೂರು ಉಪ್ಪು ಸವರಿದರೆ ಉರಿ ಹಳದಿಯಾಗಿ ಕಾಣುತ್ತದೆ ಅಲ್ವಾ ಎಂದು ಒಬ್ಬ ಗೆಳೆಯ ಕೇಳಿದ. ಕಾಣುತ್ತದೆ, ನಿಜ. ಆದರೆ ಈ ಎಂಜಿನ್ ಆ ಉರಿಯನ್ನೇ ನುಂಗುವುದು. ಉಪ್ಪು ಒಳಗೆ ಹೋದರೆ ಬೀಡುಕಬ್ಬಿಣದ ಸಿಲಿಂಡರ್ ತುಕ್ಕು ಹಿಡಿದು ಹಾಳಾಗುತ್ತದೆ.

ಮುಂದಿನ ಭಾನುವಾರ ಅಕ್ಕನ ಮಗ ಬರುತ್ತಾನೆ. ಅಕ್ಕನಿಗೆ ಇನ್ನೂ ಒಳಗೊಳಗೇ ಭಯ, ಕಳಿಸಲು ಒಪ್ಪಿದ್ದೇ ದೊಡ್ಡದು. ಗೋಣಿಚೀಲ ನೆನೆಹಾಕುವುದು ತನ್ನ ಕೆಲಸ ಅಂತ ಅವನು ಈಗಲೇ ಹೇಳಿದ್ದಾನೆ.