ಪೆನಾಂಗ್‌ನ ಜಾರ್ಜ್ ಟೌನ್: ಬಂಗುಡೆ ತಿನ್ನುವವರಿಗೆ ಐದಕ್ಕೆ ಐದು, ಸಸ್ಯಾಹಾರಿಗಳಿಗೆ ಮೂರೂವರೆ

ಕಡಿಮೆ ಖರ್ಚಲ್ಲಿ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಫಾರಿನ್ ಹೋಗ್ಬೇಕು ಅಂದ್ರೆ ಮುಂಬೈಯಲ್ಲಿ ಎಲ್ಲರ ಬಾಯಲ್ಲೂ ಬರೋದು ಬ್ಯಾಂಕಾಕ್, ಇಲ್ಲಾಂದ್ರೆ ಬಾಲಿ. ನಾನು ಹೇಳೋದು ಮಲೇಷ್ಯಾದ ಪೆನಾಂಗ್ ದ್ವೀಪ, ಅದೂ ಬೀಚಿಗೆ ಅಲ್ಲ. ಅಲ್ಲಿಯ ಬಾಟು ಫೆರಿಂಘಿ ಬೀಚ್ ನೋಡಿ ಬಂದೆ, ಸಾಧಾರಣ, ಅದಕ್ಕಿಂತ ನಮ್ಮ ಮಲ್ಪೆ ಎಷ್ಟೋ ವಾಸಿ. ಹೋಗ್ಬೇಕಾದ್ದು ಜಾರ್ಜ್ ಟೌನಿಗೆ, ತಿನ್ಲಿಕ್ಕೆ ಅಂತಲೇ. ಡೊಂಬಿವಿಲಿ, ಮುಲುಂಡ್, ಮೀರಾ ರೋಡ್ ಕಡೆಯ ನಮ್ಮವರು ಸುಮಾರು ಜನ ಮಲೇಷ್ಯಾ ಅಂದ್ರೆ ಪ್ಯಾಕೇಜ್ ಟೂರಲ್ಲಿ ಟ್ವಿನ್ ಟವರ್ಸ್, ಗೆಂಟಿಂಗ್ ಅಂತ ಸುತ್ತಿ, ಮೂರು ಹೊತ್ತೂ ಬಫೆಯ ಪನೀರ್ ತಿಂದು ಬರ್ತಾರೆ. ದುಡ್ಡೂ ಹೋಯ್ತು, ನಾಲಿಗೆಗೂ ಏನೂ ಸಿಗ್ಲಿಲ್ಲ.

ಹೋಗುವ ವಿಷಯ ಬೇಗ ಮುಗಿಸ್ತೇನೆ. 2023 ಡಿಸೆಂಬರಿಂದ ಭಾರತದವರಿಗೆ 30 ದಿನದವರೆಗೆ ವೀಸಾ ಬೇಡ ಅಂತ ಮಾಡಿದ್ದಾರೆ, ಆದ್ರೂ ಟಿಕೆಟ್ ತೆಗೆಯುವ ಮೊದಲು ಒಮ್ಮೆ ಚೆಕ್ ಮಾಡ್ಕೊಳ್ಳಿ. ಹೊರಡುವ ಮೊದಲು ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬ್ಬೇಕು, ಅದು ಫ್ರೀ, ದುಡ್ಡು ಕೇಳುವ ಸೈಟ್ ಬಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಮುಂಬೈಯಿಂದ ಕೆಎಲ್‌ಗೆ, ಅಂದ್ರೆ ಕೌಲಾಲಂಪುರಕ್ಕೆ, ಸೀದಾ ಫ್ಲೈಟ್ ಉಂಟು. ಕೆಎಲ್ ಸೆಂಟ್ರಲಿಂದ ಬಟರ್‌ವರ್ತ್‌ವರೆಗೆ ಇಟಿಎಸ್ ಟ್ರೈನಲ್ಲಿ ನಾಲ್ಕು ಗಂಟೆ ಆಸುಪಾಸು, ಸ್ಟೇಷನ್ ಪಕ್ಕದಲ್ಲೇ ಫೆರಿ, ಸಮುದ್ರ ದಾಟಿದ್ರೆ ಊರು. ಟ್ರೈನ್ ಟಿಕೆಟ್ ಮಾತ್ರ ಮೊದಲೇ ಬುಕ್ ಮಾಡಿ, ಶನಿವಾರ ಭಾನುವಾರ ಸೀಟ್ ಸಿಗೋದು ಕಷ್ಟ.

ಉಳ್ಕೊಳ್ಳಲಿಕ್ಕೆ ಚುಲಿಯಾ ಸ್ಟ್ರೀಟ್, ಲವ್ ಲೇನ್ ಕಡೆ ಹಾಸ್ಟೆಲ್‌ಗಳು ಸಾಲಾಗಿ ಉಂಟು, ಎಲ್ಲ ಹಳೇ ಚೀನೀ ಅಂಗಡಿ-ಮನೆಗಳು, ಎದುರಿಂದ ಪುಟ್ಟದು, ಒಳಗೆ ಹೋದಷ್ಟೂ ಉದ್ದ, ನಡುವೆ ಗಾಳಿ ಬೆಳಕಿಗೆ ಅಂಗಳ. ನೋಡ್ಲಿಕ್ಕೆ ಚಂದ ಮಾರಾಯ್ರೆ, ಆದ್ರೆ ಮರದ ನೆಲ, ಹಲಗೆಯ ಗೋಡೆ, ಮೇಲಿನ ಮಹಡಿಯಲ್ಲಿ ಯಾರಾದ್ರೂ ಚಾರ್ಜರ್ ಹುಡುಕಿದ್ರೂ ನಿಮಗೆ ಎಚ್ಚರ ಆಗ್ತದೆ. ನಾನಿದ್ದ ಕಡೆ (ಹೆಸರು ಬೇಡ) ಎಸಿ ರಾತ್ರಿ ಮಾತ್ರ ಹಾಕ್ತಿದ್ರು, ಲಾಕರಿಗೆ ಅರ್ಧ ಬ್ಯಾಗ್ ಮಾತ್ರ ಹಿಡಿತಿತ್ತು, ಕೆಳಗಿನ ಬಾರಿನ ಹಾಡು ಎಷ್ಟು ಹೊತ್ತಾದ್ರೂ ನಿಲ್ತಿರ್ಲಿಲ್ಲ. ನಿದ್ದೆ ಬೇಕು ಅನ್ನುವವರು ಮುಂತ್ರಿ ಸ್ಟ್ರೀಟ್ ಇಲ್ಲಾ ಆರ್ಮೇನಿಯನ್ ಸ್ಟ್ರೀಟ್ ಕಡೆ ಹುಡುಕಿ. ಬುಕಿಂಗ್ ರೇಟ್ ಅಲ್ಲದೆ ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಟೂರಿಸಂ ಟ್ಯಾಕ್ಸ್ ಬೇರೆ ಉಂಟು. ರಿಂಗಿಟಿಗೆ ಇಪ್ಪತ್ತು ರೂಪಾಯಿ ಅಂತ ಇಟ್ಕೊಂಡ್ರೆ ಬಾಯಿಲೆಕ್ಕ ಸುಲಭ, ರೇಟ್ ಸ್ವಲ್ಪ ಹೆಚ್ಚುಕಮ್ಮಿ ಆಗ್ತಿರ್ತದೆ.

ಈಗ ಊಟ. ಅಲ್ಲಿಯ ಕ್ರಮ ಮೊದಲು ತಿಳ್ಕೊಳ್ಳಿ. ಒಂದು ದೊಡ್ಡ ಕಾಫಿ ಅಂಗಡಿ, ಅದರೊಳಗೆ ಏಳೆಂಟು ಗಾಡಿ, ಒಬ್ಬೊಬ್ಬರದ್ದು ಒಂದೇ ಐಟಂ. ಊಟ ಗಾಡಿಯಲ್ಲಿ ಹೇಳಿ ಟೇಬಲ್ ನಂಬರ್ ಕೊಡ್ಬೇಕು, ಕುಡಿಯೋದು ಮಾತ್ರ ಕಾಫಿ ಅಂಗಡಿಯವರದ್ದೇ, ಏನೂ ಕುಡಿಯದೆ ಕೂತ್ರೆ ಕೆಲವು ಕಡೆ ಚಾರ್ಜ್ ಹಾಕ್ತಾರೆ. ಪ್ಲೇಟ್ ಬಂದಾಗ ದುಡ್ಡು, ಕ್ಯಾಶ್ ಇಟ್ಕೊಳ್ಳಿ. ಗುರ್ನಿ ಡ್ರೈವ್ ಟೂರಿಸ್ಟರದ್ದು, ಚುಲಿಯಾ ಸ್ಟ್ರೀಟಿನ ರಾತ್ರಿ ಗಾಡಿಗಳು ಮತ್ತು ನ್ಯೂ ಲೇನ್ ನನಗೆ ಜಾಸ್ತಿ ಇಷ್ಟ ಆಯ್ತು. ಗಾಡಿಯವರಿಗೆ ಅವರವರ ಟೈಮ್, ಅವರವರ ರಜೆ, ಖಾಲಿಯಾದ್ರೆ ಮುಚ್ಚಿ ಹೋಗ್ತಾರೆ, ಹಾಗಾಗಿ ಲಿಸ್ಟ್ ಹಿಡ್ಕೊಂಡು ಓಡೋದಕ್ಕಿಂತ ಎದುರು ಸಿಕ್ಕಿದ ಕ್ಯೂನಲ್ಲಿ ನಿಲ್ಲೋದು ಒಳ್ಳೇದು.

ಎಲ್ಲರೂ ಹೊಗಳೋದು ಚಾರ್ ಕ್ವೇ ಟಿಯಾವ್. ಅಕ್ಕಿಯ ಅಗಲ ನೂಡಲ್ಸ್, ಸಿಗಡಿ, ಮೊಟ್ಟೆ, ಮೊಳಕೆ ಕಾಳು, ಚಿಪ್ಪಿನ ಮಾಂಸ, ಜೋರು ಉರಿಯಲ್ಲಿ ಒಂದೊಂದೇ ಪ್ಲೇಟ್ ಹುರಿತಾರೆ, ಹತ್ತು ಪ್ಲೇಟ್ ಒಟ್ಟಿಗೆ ಹಾಕಿದ್ರೆ ಆ ಹೊಗೆಯ ಘಮ ಬರೋದಿಲ್ಲ, ಕ್ಯೂ ನಿಧಾನ ಅಂತ ಬೈಬೇಡಿ. ಹಂದಿ ಕೊಬ್ಬು ಹಾಕೋದು ಮಾಮೂಲಿ, ಚಿಪ್ಪು ಅರ್ಧ ಬೆಂದಿರ್ತದೆ, ಇವೆರಡೂ ಆಗದವರು ಮೊದಲೇ ಹೇಳ್ಬೇಕು. ಚೆನ್ನಾಗಿತ್ತು, ಇಲ್ಲ ಅಂತ ಹೇಳೋದಿಲ್ಲ, ಆದ್ರೆ ಅದಕ್ಕೋಸ್ಕರ ವಿಮಾನ ಹತ್ತುವಷ್ಟಲ್ಲ.

ವಿಮಾನ ಹತ್ತಬೇಕಾದ್ದು ಆಸಾಂ ಲಕ್ಸಾಗೆ, ಅಂದ್ರೆ ಹುಳಿ ಮೀನುಸಾರಿನ ನೂಡಲ್ಸಿಗೆ. ತೆಂಗಿನಹಾಲಿನ ಲಕ್ಸಾ ಬೇರೆ, ಇದಕ್ಕೆ ತೆಂಗಿನ ಸುದ್ದಿಯೇ ಇಲ್ಲ. ಬಂಗುಡೆ ಜಾತಿಯ ಮೀನು ಬೇಯಿಸಿ, ಮುಳ್ಳು ತೆಗೆದು, ಹುಡಿಮಾಡಿ ಸಾರಿಗೇ ಸೇರಿಸ್ತಾರೆ, ಹುಳಿಗೆ ಹುಣಸೆ, ಜೊತೆಗೆ ಒಣಗಿಸಿದ ಆಸಾಂ ಕೆಪಿಂಗ್ ಅಂತ ಬಿಲ್ಲೆ, ಅದು ನಮ್ಮ ಪುನರ್ಪುಳಿಯ ಗಾರ್ಸಿನಿಯಾ ವಂಶದ್ದೇ ಇನ್ನೊಂದು ಮರದ ಹಣ್ಣು. ಹಾಗಾಗಿ ಮೊದಲ ಚಮಚಕ್ಕೇ ಉಡುಪಿ ಮಂಗಳೂರು ಕಡೆಯ ನಾಲಿಗೆಗೆ ಇದು ಗೊತ್ತಿರುವ ಹುಳಿ ಅನಿಸ್ತದೆ, ಆಮೇಲೆ ಒಮ್ಮೆಲೇ ಗೊತ್ತಿಲ್ಲದ್ದೆಲ್ಲ ಬರ್ತದೆ, ಪುದಿನ, ಅನಾನಸ್ ಚೂರು, ಹಸಿ ಮುಳ್ಳುಸೌತೆ, ಶುಂಠಿ ಜಾತಿಯ ಗಿಡದ ಗುಲಾಬಿ ಬಣ್ಣದ ಹೂವಿನ ಮೊಗ್ಗನ್ನು ಸಣ್ಣಗೆ ಹೆಚ್ಚಿದ್ದು, ಕೊನೆಗೆ ಹೇ ಕೋ ಅಂತ ಕಪ್ಪಗಿನ ಸಿಹಿ ಸಿಗಡಿ ಪೇಸ್ಟ್ ಒಂದು ಚಮಚ. ಮೀನುಸಾರಿಗೆ ಅನಾನಸಾ ಅಂತ ಮುಖ ಸಿಂಡರಿಸುವವರು ಇದ್ದಾರೆ, ನನ್ನ ಜೊತೆ ಬಂದವರಲ್ಲೂ ಇದ್ರು, ಬಟ್ಟಲು ಮುಗಿಸಿ ಇನ್ನೊಂದು ಹೇಳಿದ್ದೂ ಅವರೇ. ಹೇ ಕೋ ವಾಸನೆ ಜೋರು, ಮನೆಯಲ್ಲಿ ಒಣ ಎಟ್ಟಿ (ಸಿಗಡಿ) ಚಟ್ನಿ ಮಾಡುವವರಿಗೆ ತೊಂದರೆ ಇಲ್ಲ, ಬೇರೆಯವರು ಪಕ್ಕದಲ್ಲಿ ಕೊಡಿ ಅಂತ ಹೇಳಿ ಸ್ವಲ್ಪ ಸ್ವಲ್ಪ ಕಲಸ್ಕೊಳ್ಳಿ. ಊರೊಳಗೂ ಸಿಗ್ತದೆ, ಆದ್ರೆ ಊರ ನಡುವಿನ ಕೊಮ್ತಾರ್ ಟವರ್ ಹತ್ತಿರದಿಂದ 204 ನಂಬರ್ ಬಸ್ಸಲ್ಲಿ ಏರ್ ಇತಾಂಗೆ ಹೋದ್ರೆ ಕೆಕ್ ಲೋಕ್ ಸಿ ದೇವಸ್ಥಾನ ನೋಡಿದ ಹಾಗೂ ಆಯ್ತು, ಲಕ್ಸಾ ತಿಂದ ಹಾಗೂ ಆಯ್ತು. ಬಸ್ಸಿಗೆ ಚಿಲ್ಲರೆ ರೆಡಿ ಇರಲಿ, ಬಾಕಿ ವಾಪಸ್ ಕೊಡೋದಿಲ್ಲ.

ನಸಿ ಕಂದಾರ್ ಅನ್ನುವ ಅನ್ನ-ಗ್ರೇವಿಯ ಊಟ ತಮಿಳು ಮುಸ್ಲಿಮರದ್ದು, ಹಿಂದೆ ಹೆಗಲ ಮೇಲೆ ಕಾವಡಿಯಲ್ಲಿ ಹೊತ್ತು ಮಾರ್ತಿದ್ರು. ಹಮೀದಿಯಾ ಹೋಟೆಲ್ 1907ರಿಂದ ನಡೀತಾ ಉಂಟು. ಅನ್ನದ ಮೇಲೆ ನಾಲ್ಕೈದು ಗ್ರೇವಿ ಒಟ್ಟಿಗೆ ಸುರಿತಾರೆ, ಬಂಜಿರ್ ಅಂದ್ರೆ ಅನ್ನವೇ ಮುಳುಗ್ತದೆ. ಜನ ಹುಚ್ಚಾಗಿದ್ದಾರೆ ಇದಕ್ಕೆ, ನನಗೆ ಅಷ್ಟೇನೂ ಅನಿಸ್ಲಿಲ್ಲ, ಭಿಂಡಿ ಬಜಾರ್, ಮೊಹಮ್ಮದ್ ಅಲಿ ರೋಡ್ ತಿರುಗಿದವರಿಗೆ ಮಸಾಲೆ ಹೊಸತಲ್ಲ. ಬೆಲೆ ಬೋರ್ಡ್ ಇಲ್ಲದ ಕಡೆ ಸಿಗಡಿ, ಸ್ಕ್ವಿಡ್ ತಗೊಳ್ಳುವ ಮೊದಲು ರೇಟ್ ಕೇಳಿ. ಬೆಳಿಗ್ಗೆ ಟ್ರಾನ್ಸ್‌ಫರ್ ರೋಡ್ ಬದಿಯಲ್ಲಿ ಕೂತು ತಿನ್ನುವ ಪರೋಟದಂಥ ರೋಟಿ ಚಾನಾಯ್ ಮಾತ್ರ ಬಿಡ್ಬೇಡಿ. ಮಧ್ಯಾಹ್ನದ ಸೆಕೆಗೆ ಕೆಂಗ್ ಕ್ವೀ ಗಲ್ಲಿಯಲ್ಲಿ 1936ರಿಂದ ಇರುವ ಚೆಂಡೋಲ್ ಗಾಡಿ, ಐಸ್ ತುರಿ, ತೆಂಗಿನಹಾಲು, ನಮ್ಮ ಓಲೆಬೆಲ್ಲದ ಜಾತಿಯ ಬೆಲ್ಲ, ರಾಜ್ಮಾ, ಹಸಿರು ಜೆಲ್ಲಿಯ ಎಳೆ, ನಿಂತ್ಕೊಂಡೇ ಮುಗಿಸೋದು.

ಸಸ್ಯಾಹಾರಿಗಳಿಗೆ ಮೂರೂವರೆ ಯಾಕೆ ಅಂದ್ರೆ ತರಕಾರಿ ಅಂತ ಕೊಟ್ಟದ್ದರಲ್ಲೂ ಬೆಲಾಚಾನ್ ಅನ್ನುವ ಸಿಗಡಿ ಪೇಸ್ಟ್ ಇರ್ತದೆ, ಸಾಂಬಾಲ್ ಚಟ್ನಿಯಲ್ಲೂ ಅಷ್ಟೇ. ನಮ್ಮ ಗ್ಯಾಂಗಿನ ಭಟ್ರು ಮೊದಲು ಲಿಟಲ್ ಇಂಡಿಯಾದ ಇಡ್ಲಿ ದೋಸೆಗೇ ಅಂಟ್ಕೊಂಡಿದ್ರು, "ಇದಕ್ಕೆ ಮುಂಬೈಯ ನಮ್ಮ ಮಾಟುಂಗಾ ಸಾಕಿತ್ತಲ್ಲ ಭಟ್ರೇ" ಅಂತ ತಮಾಷೆ ಮಾಡಿದ ಮೇಲೆ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗೆ ಬಂದ್ರು. ಅಲ್ಲಿ ಕಟ್ಟುನಿಟ್ಟಿನವರು ನೀರುಳ್ಳಿ ಬೆಳ್ಳುಳ್ಳಿ ಕೂಡ ಹಾಕೋದಿಲ್ಲ, ಆದ್ರೆ ಸೋಯಾದಲ್ಲಿ ಮಾಡಿದ ಬಾತುಕೋಳಿ, ಮೀನು ನೋಡಿ ಭಟ್ರು ಬೆಚ್ಚಿಬಿದ್ದು ಎರಡೆರಡು ಸಲ ಕೇಳಿಯೇ ತಟ್ಟೆಗೆ ಹಾಕಿಸ್ಕೊಂಡ್ರು. ಚೀನೀ ತಿಂಗಳ ಒಂದು, ಹದಿನೈದನೇ ದಿನ, ಅಂದ್ರೆ ಹೆಚ್ಚುಕಮ್ಮಿ ನಮ್ಮ ಅಮಾವಾಸ್ಯೆ ಹುಣ್ಣಿಮೆ ಸುಮಾರಿಗೆ, ಅಲ್ಲಿ ತುಂಬಾ ಜನ ಮಾಂಸ ಬಿಡ್ತಾರೆ, ಆ ದಿನ ಇಂಥ ಊಟ ಸಿಗೋದೂ ಸುಲಭ.

ತಿಂದದ್ದು ಕರಗ್ಲಿಕ್ಕೆ ನಡೀರಿ. 1801ರಲ್ಲಿ ಶುರುವಾದ ಕಪಿತಾನ್ ಕೆಲಿಂಗ್ ಮಸೀದಿ, 1818ರ ಸೇಂಟ್ ಜಾರ್ಜ್ ಚರ್ಚ್, ಚೀನಿಯರ ಗ್ವಾನ್ ಯಿನ್ ಗುಡಿ, ಮಾರಿಯಮ್ಮನ ದೇವಸ್ಥಾನ ಎಲ್ಲ ನಡೆಯುವ ದೂರದಲ್ಲೇ, ಸುತ್ತಮುತ್ತ ತಿಂಡಿ ಗಾಡಿಗಳೂ ಉಂಟು. 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಗೋಡೆಗೋಡೆಗೂ ಕೆಫೆ ಬಂದಿದೆ, ಗೋಡೆ ಚಿತ್ರದ ಎದುರು ಸೆಲ್ಫಿ ಕ್ಯೂ ಬೇರೆ, ಅದು ನನಗೆ ಬೇಡ ಅನಿಸಿತು.

ಮನೆಗೆ ಚಾಕೊಲೇಟ್ ಹೊತ್ಕೊಂಡು ಬರ್ಬೇಡಿ, ಅದು ಎಲ್ಲಿಯೂ ಸಿಗ್ತದೆ. ಪೆನಾಂಗ್ ಜಾಯಿಕಾಯಿಗೆ ಹೆಸರು, ಅದರ ಹಣ್ಣನ್ನು ಸಕ್ಕರೆಯಲ್ಲಿ ಹಾಕಿ ಒಣಗಿಸಿದ್ದು ತನ್ನಿ, ಅಮ್ಮಂದಿರಿಗೆ ಖುಷಿ ಆಗ್ತದೆ. ಬೆಲಾಚಾನ್ ಅಚ್ಚು ತರುವವರು ಮೂರು ಪ್ಲಾಸ್ಟಿಕ್ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಇಲ್ಲಾಂದ್ರೆ ಡೊಂಬಿವಿಲಿ ಲೋಕಲಲ್ಲಿ ನಿಮ್ಮ ಪಕ್ಕ ಯಾರೂ ಕೂರ್ಲಿಕ್ಕಿಲ್ಲ, ಪೀಕ್ ಅವರ್‌ನಲ್ಲಿ ಅದೂ ಒಂದು ಲಾಭವೇ ಬಿಡಿ.